ಬೆಳಗಿನ ಜಗಳವೇ ಸಾಕ್ಷಿ

ಆ ಸಂಜೆ ಸೊಸೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಟ್ಟು, ಕೈಚೀಲವನ್ನು ಮೊಳೆಗೆ ತಗುಲಿಸಿ, ಕನ್ನಡಿಯ ಮುಂದೆ ನಿಂತು ಕೆಮ್ಮಿದಳು. ಒಮ್ಮೆ ಸಣ್ಣಗೆ, ಒಮ್ಮೆ ಗಂಟಲು ಕೆರೆದಂತೆ, ಇನ್ನೊಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

"ಶೀತ ಆಯ್ತಾ? ಬಿಸಿನೀರು ಇಡ್ಲಾ?"

"ಶೀತ ಅಲ್ಲ ಅತ್ತೆ. ಅಭ್ಯಾಸ ಮಾಡ್ತಿದೀನಿ."

ಕೆಮ್ಮನ್ನು ಅಭ್ಯಾಸ ಮಾಡಿಸುವ ನೌಕರಿ ಯಾವುದೆಂದು ಅತ್ತೆಗೆ ಹೊಳೆಯಲಿಲ್ಲ. ಊಟಕ್ಕೆ ಕೂತಾಗ ಸೊಸೆ ಬಿಡಿಸಿ ಹೇಳಿದಳು.

ಅವಳದ್ದು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವ ಕೆಲಸ. ಮದುವೆಯಾದ ಹೊಸದರಲ್ಲಿ ಸೇರಿದ್ದು, ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಕರೆಂಟು ಹೋದವರು, ಮೀಟರು ಸುಟ್ಟವರು, ಬಿಲ್ಲು ನೋಡಿ ತಲೆ ಸುತ್ತಿದವರು, ಎಲ್ಲರೂ ಸಿಟ್ಟಿನಲ್ಲೇ ಫೋನ್ ಮಾಡುತ್ತಾರೆ. ಸೊಸೆಯ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ದನಿ ಕೇಳಿಯೇ ಅರ್ಧ ಜನ ತಣ್ಣಗಾಗುತ್ತಿದ್ದರು. ಈಗ ಅದೇ ದನಿ ಅವಳಿಗೆ ಮುಳುವಾಗಿತ್ತು.

ಕೆಲವು ತಿಂಗಳ ಹಿಂದೆ ಕಚೇರಿಯವರು ಆರು ಮೇಜಿಗೂ ಒಂದೊಂದು ಕಾರ್ಡು ಕೊಟ್ಟಿದ್ದರು. ಕರೆ ಬಂದಾಗ ಏನು ಹೇಳಬೇಕು, ಬೈದರೆ ಏನು ಹೇಳಬೇಕು, ಅತ್ತರೆ ಏನು ಹೇಳಬೇಕು ಎಂದು ಎಲ್ಲವೂ ಅದರಲ್ಲಿ ಅಚ್ಚಾಗಿತ್ತು. ಅದರಾಚೆ ಒಂದು ಮಾತೂ ಆಡುವಂತಿಲ್ಲ. ಸೊಸೆ ಅದನ್ನು ಅಚ್ಚುಕಟ್ಟಾಗಿ ಓದುತ್ತಿದ್ದಳು. ಅಚ್ಚುಕಟ್ಟಾಗಿ ಓದಿದಷ್ಟೂ ಜನಕ್ಕೆ ಅನುಮಾನ ಹೆಚ್ಚಿತು. ಎಲ್ಲೆಲ್ಲೂ ಎಐ ಬಂತು, ಫೋನಿನಲ್ಲಿ ಮಾತಾಡುವುದೂ ಅದೇ ಎಂದು ಅವರು ಕೇಳಿದ್ದರು. ನೀನು ಮನುಷ್ಯಳಾ, ಎಐಯಾ ಎಂದು ನೇರವಾಗಿ ಕೇಳತೊಡಗಿದರು. ಆ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆ ಓದಬೇಕಾದ ಸಾಲು ಒಂದೇ: ನಿಮ್ಮ ದೂರು ನಮಗೆ ಮುಖ್ಯ, ದಯವಿಟ್ಟು ಗ್ರಾಹಕ ಸಂಖ್ಯೆ ಹೇಳಿ. ಅದನ್ನು ಕೇಳಿದ್ದೇ ತಡ, ಯಂತ್ರವೇ ಅಂತ ಗೊತ್ತಿತ್ತು ಎಂದು ಫೋನ್ ಕುಕ್ಕುತ್ತಿದ್ದರು.

ಪಕ್ಕದ ಮೇಜಿನ ಹಿರಿಯರಿಗೆ ಈ ಕಾಟವಿರಲಿಲ್ಲ. ಅವರಿಗೆ ಹಳೆಯ ಕೆಮ್ಮು. ಕಚೇರಿಯಲ್ಲಿ ಅವರ ಹೆಸರೇ ಕೆಮ್ಮಣ್ಣ. ನಮಸ್ಕಾರ ಎನ್ನುವುದರೊಳಗೆ ಎರಡು ಸಲ ಕೆಮ್ಮುವ ಪ್ರಾಣಿಯನ್ನು ಯಂತ್ರವೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ನಡುನಡುವೆ ಒಂದು ಕೆಮ್ಮು ಹಾಕಮ್ಮಾ ಎಂದು ಅವರೇ ಇವಳಿಗೆ ಉಪಾಯ ಹೇಳಿಕೊಟ್ಟಿದ್ದರು.

ನಗುವ ವಿಷಯವಾಗಿದ್ದರೆ ಸೊಸೆಯೂ ನಗುತ್ತಿದ್ದಳು. ಆದರೆ ಅವತ್ತು ಮೇಲ್ವಿಚಾರಕರು ಆರೂ ಜನರನ್ನು ನಿಲ್ಲಿಸಿ ಒಂದು ಮಾತು ಹೇಳಿದ್ದರು. ಬೇಸಿಗೆಯಲ್ಲೂ ಟೈ ಬಿಚ್ಚದ ಅವರನ್ನು ಎಲ್ಲರೂ ಟೈ ಸಾಹೇಬರು ಅನ್ನುತ್ತಿದ್ದರು. ತಿಂಗಳ ಕೊನೆಗೆ ಒಂದು ಲೈನನ್ನು ಎಐಗೆ ಕೊಡುತ್ತಾರಂತೆ. ಯಾರ ಕರೆಗಳನ್ನು ಜನ ಹೆಚ್ಚಾಗಿ ಮಧ್ಯದಲ್ಲೇ ಕತ್ತರಿಸುತ್ತಾರೋ ಅವರ ಲೈನು. ಆ ಮನುಷ್ಯರನ್ನು ಹಳೆಯ ಮೀಟರುಗಳ ಗೋದಾಮಿಗೆ ಹಾಕುತ್ತಾರಂತೆ.

"ಗೋದಾಮಲ್ಲಿ ಸಂಬಳ ಕಮ್ಮಿನಾ?" ಎಂದು ಗಂಡ ಕೇಳಿದ. ಅವನು ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಏನೇ ಬಂದರೂ ಮೊದಲು ಸದ್ದು ನಿಲ್ಲಿಸುವುದು ಅವನ ವೃತ್ತಿಯ ಗುಣ.

"ಅಷ್ಟೇ ಸಂಬಳ."

"ಹಾಗಾದ್ರೆ ಹೋಗು. ಬೈಗುಳ ಕೇಳೋ ಕೆಲಸ ತಪ್ಪುತ್ತೆ."

ಸೊಸೆ ಅವನ ತಟ್ಟೆಗೆ ಬಡಿಸಲು ಎತ್ತಿದ ಅನ್ನವನ್ನು ವಾಪಸು ಪಾತ್ರೆಗೆ ಹಾಕಿದಳು. "ಸಂಬಳದ ಮಾತಲ್ಲ ರೀ. ಇಷ್ಟು ವರ್ಷ ಆ ಕುರ್ಚಿಲಿ ನಾನು ಕೂತಿದ್ದೆ. ಈಗ ಅಲ್ಲಿ ಯಾರೂ ಕೂತಿಲ್ಲ ಅಂತಿದಾರೆ. ನಾನು ಎದ್ದು ಹೋದ್ರೆ ಹೌದು ಯಾರೂ ಇರಲಿಲ್ಲ ಅಂತ ನಾನೇ ಒಪ್ಪಿದ ಹಾಗೆ."

ಮಾತು ಅಲ್ಲಿಂದ ಎಐ ಅಂದರೆ ಏನು ಎನ್ನುವುದಕ್ಕೆ ಹೊರಳಿತು. ಎಲ್ಲೋ ದೊಡ್ಡ ಮನೆಯೊಳಗೆ ನೂರಾರು ಜನರನ್ನು ಕೂಡಿಹಾಕಿ ಮಾತಾಡಿಸುತ್ತಾರೆ, ಯಂತ್ರ ಅನ್ನುವುದು ಬರೀ ನೆಪ ಎಂದು ಅತ್ತೆಯ ವಾದ. ಪ್ರಪಂಚಕ್ಕೆಲ್ಲ ಒಂದೇ ಯಂತ್ರ, ಒಂದು ಕಡೆ ಫ್ಯೂಸು ಕಿತ್ತರೆ ಎಲ್ಲ ಕಡೆ ನಿಲ್ಲುತ್ತದೆ ಎಂದು ಗಂಡನ ನಂಬಿಕೆ. ಮನೆಯಲ್ಲಿ ಪುಟ್ಟಿ ಎಂದೇ ಕರೆಸಿಕೊಳ್ಳುವ, ಹದಿನೆಂಟು ತುಂಬಿದ ಮಗಳು ಇಬ್ಬರದ್ದೂ ತಪ್ಪು ಎಂದಳು. ಜನ ಬರೆದದ್ದನ್ನೆಲ್ಲ ರಾಶಿ ರಾಶಿ ಓದಿಸಿರುತ್ತಾರೆ; ಮುಂದೆ ಯಾವ ಮಾತು ಬಂದೀತು ಎಂದು ಅದು ಲೆಕ್ಕ ಹಾಕಿ ಮಾತು ಜೋಡಿಸುತ್ತದೆ ಎಂದು ತನಗೆ ಗೊತ್ತಿದ್ದಷ್ಟು ಹೇಳಿದಳು.

"ಹಾಗಾದ್ರೆ ಅದು ನಿಮ್ಮ ತಾತನ ಥರ," ಎಂದರು ಅತ್ತೆ. "ನಾನು ಬಾಯಿ ತೆಗೆಯೋ ಮೊದಲೇ ನಾನೇನು ಹೇಳ್ತೀನಿ ಅಂತ ಅವರಿಗೆ ಗೊತ್ತಿರ್ತಿತ್ತು. ಅದಕ್ಕೇ ಒಂದು ದಿನವೂ ಕೇಳಿಸ್ಕೊಳ್ಳಲಿಲ್ಲ."

ಆ ವಾರವೇ ಮೂರನೇ ಮಹಡಿಯ ಅಜ್ಜಿಯ ಪ್ರಕರಣ ನಡೆಯಿತು. ಬೇರೆ ಊರಲ್ಲಿ ಓದುವ ಮೊಮ್ಮಗ ರಜೆ ಮುಗಿಸಿ ಹೊರಟ ದಿನವೇ ಅವನ ದನಿಯಲ್ಲಿ ಫೋನ್ ಬಂತಂತೆ. ಹೊಸ ನಂಬರು. ಕಷ್ಟದಲ್ಲಿದ್ದೇನೆ, ಯಾರಿಗೂ ಹೇಳಬೇಡ, ದುಡ್ಡು ಕಳಿಸು ಎಂದು ಅತ್ತನಂತೆ. ಅಜ್ಜಿ ಕೈಯಲ್ಲಿದ್ದದ್ದೆಲ್ಲ ಕಳಿಸಿದಳು. ಆಮೇಲೆ ಕೇಳಿದರೆ ಮೊಮ್ಮಗ, ಅದು ನಾನಲ್ಲ, ಎಐ ನನ್ನ ದನಿ ಕದ್ದಿದೆ ಎಂದ. ಕಟ್ಟಡದ ಮೆಟ್ಟಿಲ ಮೇಲೆಲ್ಲ ಅದೇ ಸುದ್ದಿಯಾಯಿತು. ಎಐ ಅದರೊಳಗಿಂದ ಮನೆಯ ಮಾತು ಕೇಳಿಸಿಕೊಂಡೀತೆಂದು ಅತ್ತೆ ಆ ದಿನವೇ ಹಳೆಯ ಹೊದಿಕೆಯೊಂದನ್ನು ಹರಿದು ಟಿವಿಗೆ ಮುಸುಕು ಹಾಕಿದರು. ಮಾರನೆಯ ಬೆಳಿಗ್ಗೆ ಮೂವರನ್ನೂ ಬಾಗಿಲಲ್ಲಿ ತಡೆದು ಕಾನೂನು ಮಾಡಿದರು.

"ಇನ್ಮೇಲೆ ನೀವ್ಯಾರೇ ಫೋನ್ ಮಾಡಿದ್ರೂ ನಾನು ಒಂದು ಪ್ರಶ್ನೆ ಕೇಳ್ತೀನಿ. ಇವತ್ತು ಬೆಳಿಗ್ಗೆ ನಾವು ಯಾಕೆ ಜಗಳ ಆಡಿದ್ವಿ ಅಂತ. ಹೆಸರು, ಹುಟ್ಟಿದ ದಿನ, ಮನೆ ನಂಬರು ಎಲ್ಲ ಅದಕ್ಕೆ ಗೊತ್ತಿರುತ್ತೆ. ಬೆಳಗಿನ ಜಗಳ ಹೇಗೆ ಗೊತ್ತಾಗುತ್ತೆ?"

ಪುಟ್ಟಿ ಹೊಟ್ಟೆ ಹಿಡಿದು ನಕ್ಕಳು. ಆದರೆ ಅತ್ತೆಯ ಉಪಾಯದಲ್ಲಿ ತೂತು ಹುಡುಕಲು ಅವಳಿಂದಲೂ ಆಗಲಿಲ್ಲ.

ಕಷ್ಟವಾದದ್ದು ಗಂಡನಿಗೆ. ಅವನು ಯಾರ ಜೊತೆಯೂ ಜಗಳವಾಡದೆ ಚಹಾ ಕುಡಿದು ಹೋಗುವ ಮನುಷ್ಯ. ಎರಡು ದಿನದ ಮೇಲೆ ಅಂಗಡಿಯಿಂದ ಫೋನ್ ಮಾಡಿ ಎಷ್ಟು ಮೊಟ್ಟೆ ತರಲಿ ಎಂದು ಕೇಳಿದ. ಯಾಕೆ ಜಗಳ ಆಡಿದ್ವಿ ಎಂದು ಅತ್ತೆ ಕೇಳಿದರು. ಜಗಳವೇ ಆಡಿಲ್ಲವಲ್ಲಮ್ಮ ಎಂದ. ಹಾಗಂತ ಯಾವ ಯಂತ್ರ ಬೇಕಾದರೂ ಹೇಳುತ್ತದೆ ಎಂದು ಫೋನ್ ಇಟ್ಟುಬಿಟ್ಟರು. ಅವನು ಬರಿಗೈಲಿ ಬಂದು, ಹೆತ್ತ ತಾಯಿಗೆ ನಾನು ನಾನೇ ಅಂತ ತೋರಿಸೋಕೆ ಜಗಳ ಆಡಬೇಕಾ ಎಂದು ಗೊಣಗಿದ. ಮರುದಿನದಿಂದ ಒದ್ದೆ ಟವೆಲಿಗೋ ಬಕೆಟಿಗೋ ತಾನೇ ಒಂದು ತಗಾದೆ ತೆಗೆದು ಹೊರಡತೊಡಗಿದ. ಅಭ್ಯಾಸವಿಲ್ಲದ ಕಾರಣ ಅವನ ಜಗಳ ಎರಡು ಮಾತಿಗೆ ಮುಗಿಯುತ್ತಿತ್ತು. ಮಿಕ್ಕದ್ದನ್ನು ಅತ್ತೆಯೇ ಸೇರಿಸಿಕೊಂಡು ಪೂರ್ತಿ ಮಾಡುತ್ತಿದ್ದರು.

ಕಚೇರಿಯಲ್ಲಿ ಕೆಮ್ಮು ಕೈಹಿಡಿಯಲಿಲ್ಲ. ಮೊದಲ ದಿನವೇ ಒಬ್ಬ, ಅಯ್ಯೋ ಈಗ ಇದಕ್ಕೆ ಕೆಮ್ಮೋದೂ ಕಲಿಸಿದಾರೆ ಎಂದು ಮನೆಯವರನ್ನೆಲ್ಲ ಕರೆದು ಫೋನಿನಲ್ಲಿ ಕೇಳಿಸಿದ. ಸೊಸೆ ಟೈ ಸಾಹೇಬರ ಮೇಜಿಗೆ ಹೋಗಿ, ಯಾರಾದರೂ ಕೇಳಿದರೆ ನಾನು ಮನುಷ್ಯಳು ಎಂದು ಹೇಳಲು ಕಾರ್ಡಿನಲ್ಲಿ ಒಂದು ಸಾಲು ಹಾಕಿಸಿಕೊಡಿ ಎಂದಳು. ಅವರು ಸಿಟ್ಟಾಗಲಿಲ್ಲ. ಕಾರ್ಡು ಬರೆದವರು ಮೇಲಿನವರು, ನನಗೂ ಮೇಲೆ ಕೇಳುವವರಿದ್ದಾರಮ್ಮ ಎಂದು ಟೈ ಸರಿಮಾಡಿಕೊಂಡರು. ಆವತ್ತಿನಿಂದ ಮಾತ್ರ ಆಗಾಗ ಅವಳ ಹಿಂದೆ ಬಂದು ನಿಂತು, ಇನ್ನೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳತೊಡಗಿದರು.

ತಿಂಗಳು ಮುಗಿಯಲು ಒಂದು ವಾರವಿದ್ದಾಗ ಜೋರು ಗಾಳಿ ಎದ್ದಿತು. ಮಧ್ಯಾಹ್ನದಿಂದ ಆರು ಮೇಜಿಗೂ ಬಿಡುವಿಲ್ಲ. ಕೈಫೋನುಗಳನ್ನು ಎಲ್ಲರೂ ಕೆಲಸಕ್ಕೆ ಕೂರುವ ಮೊದಲೇ ಬೀರುವಿನಲ್ಲಿ ಇಡಬೇಕಾದ್ದರಿಂದ ಮನೆಯ ಸುದ್ದಿ ಯಾರಿಗೂ ತಿಳಿಯುವಂತಿರಲಿಲ್ಲ. ಸೊಸೆ ಒಂದು ಕರೆ ಮುಗಿಸಿ ಮುಂದಿನದನ್ನು ಎತ್ತಿದಳು. ಹಿಂದೆ ಟೈ ಸಾಹೇಬರು ನಿಂತಿದ್ದರು.

"ನಮಸ್ಕಾರ, ವಿದ್ಯುತ್ ದೂರು ವಿಭಾಗ. ದಯವಿಟ್ಟು ಗ್ರಾಹಕ ಸಂಖ್ಯೆ ಹೇಳಿ."

ಆ ಕಡೆಯಿಂದ ಬಂದದ್ದು ಅತ್ತೆಯ ದನಿ.

"ಏಯ್, ಯಾರು ನೀನು? ನನ್ನ ಸೊಸೆ ದನಿ ಯಾಕೆ ಕದ್ದೆ?"

ಕರೆಂಟು ಹೋದರೆ ಕತ್ತಲಲ್ಲಿ ಕೂರುವ ಅತ್ತೆ ಸುಮ್ಮನೆ ಫೋನ್ ಮಾಡುವವರಲ್ಲ. ಏನಾಯ್ತು ಅತ್ತೆ ಎನ್ನಲು ಸೊಸೆ ಬಾಯಿ ತೆರೆದಳು. ಟೈ ಸಾಹೇಬರು ಕಾರ್ಡಿನ ಮೇಲೆ ಬೆರಳಿಟ್ಟರು.

"ನಿಮ್ಮ ದೂರು ನಮಗೆ ಮುಖ್ಯ," ಎಂದು ಓದಿದಳು. "ದಯವಿಟ್ಟು..."

"ನನ್ನ ಸೊಸೆ ನನ್ನ ಹತ್ರ ಹೀಗೆ ಮಾತಾಡಲ್ಲ. ಇಲ್ಲಿ ವೈರು ಕಿತ್ತು ಬಿದ್ದಿದೆ, ನಿನ್ನ ಹತ್ರ ಏನು ಮಾತು? ನಿನಗೆ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ? ಇಡ್ತೀನಿ. ನಾನೇ ಕೆಳಗೆ ಹೋಗಿ ಕೋಲಲ್ಲಿ ಸರಿಸ್ತೀನಿ."

ಕಟ್ಟಡದ ಮುಂದಿರುವುದು ಕಬ್ಬಿಣದ ಗೇಟು. ಪುಟ್ಟಿ ಕಾಲೇಜಿನಿಂದ ಬರುವ ಹೊತ್ತು. ಸೊಸೆ ಕಾರ್ಡಿನ ಮೇಲಿದ್ದ ಸಾಹೇಬರ ಬೆರಳನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆ, ಫೋನ್ ಇಡಬೇಡಿ. ಜಗಳ ಕೇಳಿ."

"ಏನು?"

"ಬೆಳಿಗ್ಗೆ ಜಗಳ ಯಾಕೆ ಅಂತ ಕೇಳಿ."

ಅತ್ತೆ ಅನುಮಾನದಲ್ಲೇ ಕೇಳಿದರು. ಸೊಸೆಯ ದನಿ ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಏರಿತು.

"ನೀವು ಹರಿದು ಟಿವಿಗೆ ಹೊದಿಸಿದ್ದು ನನ್ನ ಒಳ್ಳೇ ಹೊದಿಕೆ ಅಂತ ಇವತ್ತು ಗೊತ್ತಾಗಿದ್ದಕ್ಕೆ. ನಿಮ್ಮನ್ನ ಹಳೇ ಟ್ರಾನ್ಸ್‌ಫಾರ್ಮರ್ ಅಂದೆ."

"ಪೂರ್ತಿ ಹೇಳು."

"ದಿನವಿಡೀ ಗುಂಯ್ ಅಂತಿರ್ತೀರಿ, ಹತ್ತಿರ ಬಂದವರಿಗೆ ಶಾಕ್ ಹೊಡೀತೀರಿ ಅಂದೆ."

ಐದೂ ಮೇಜಿನವರು ತಿರುಗಿ ನೋಡಿದರು. ಕೆಮ್ಮಣ್ಣನಿಗೆ ಕೆಮ್ಮು ನಿಂತಿತ್ತು.

"ಹ್ಞೂಂ, ನೀನೇ," ಎಂದರು ಅತ್ತೆ. ಅಲ್ಲಿಂದ ಅವರ ಮಾತು ಸರಸರನೆ ಬಂತು. ವೈರು ಗೇಟಿನ ಮೇಲೆಯೇ ಬಿದ್ದಿತ್ತು, ಚಟಚಟ ಅನ್ನುತ್ತಿತ್ತು. ಕೆಳಗೆ ಯಾರೂ ಇರಲಿಲ್ಲ. ಕೆಳಗೆ ಇಳಿಯಬೇಡಿ, ಕೋಲು ಮುಟ್ಟಬೇಡಿ, ಕಿಟಕಿಯಲ್ಲಿ ನಿಂತು ಬರುವವರಿಗೆಲ್ಲ ಕೂಗಿ ಎಂದು ಸೊಸೆ ಹೇಳಿದಳು. ಗ್ರಾಹಕ ಸಂಖ್ಯೆ ಬರೆಯದೆ, ಅನುಮತಿ ಕೇಳದೆ, ಉಪಕೇಂದ್ರಕ್ಕೆ ನೇರವಾಗಿ ಫೋನ್ ಹಾಕಿ ಆ ಬೀದಿಯ ಲೈನನ್ನು ಬಂದ್ ಮಾಡಿಸಿದಳು. ಪುಟ್ಟಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅತ್ತೆಯ ಕೂಗು ಅವಳನ್ನು ಅಲ್ಲೇ ನಿಲ್ಲಿಸಿತ್ತು. ಆ ಕೂಗು ಮುಂದಿನ ಬೀದಿಗೂ ಕೇಳಿಸಿತೆಂದು ಆಮೇಲೆ ಜನ ಹೇಳಿದರು.

ಸಂಜೆ ಟೈ ಸಾಹೇಬರು ಅವಳನ್ನು ಕರೆದರು. ಕರೆಯ ಧ್ವನಿಮುದ್ರಣವನ್ನು ಮೇಲಿನವರು ಕೇಳಿದ್ದರಂತೆ. ಕಾರ್ಡು ಬಿಟ್ಟದ್ದು, ಮನೆಯ ಮಾತು ಆಡಿದ್ದು, ಗ್ರಾಹಕರನ್ನು ಟ್ರಾನ್ಸ್‌ಫಾರ್ಮರ್ ಎಂದು ನಿಂದಿಸಿದ್ದು. ಕ್ಷಮಾಪಣೆ ಬರೆದುಕೊಡುವವರೆಗೆ ಮನೆಯಲ್ಲಿರಬೇಕು. ಅಲ್ಲಿಯವರೆಗೆ ಅವಳ ಲೈನಿಗೆ ಎಐ ಹಾಕಿ ನೋಡುತ್ತಾರೆ. ಮೂರು ದಿನ ಕಾಯುತ್ತಾರೆ. ಆಮೇಲೂ ಬರೆಯದಿದ್ದರೆ ಗೋದಾಮು.

"ವೈರಿನ ವಿಷಯ ಮೇಲಿನವರು ಏನಂದ್ರು ಸಾರ್?"

"ಅದು ಈ ಪ್ರಕರಣಕ್ಕೆ ಬರಲ್ಲಮ್ಮ," ಎಂದು ಅವರು ಅವಳ ಮುಖ ನೋಡದೆ ಹೇಳಿದರು.

ಮನೆಯಲ್ಲಿ ವಿಷಯ ಕೇಳಿದ್ದೇ ತಡ, ಗಂಡ ಪೆನ್ನು ಹಿಡಿದು ಬಂದ. ಎರಡು ಸಾಲು ಬರೆದರೆ ಕೈ ಸವೆಯುವುದಿಲ್ಲ, ದೊಡ್ಡವರ ಹತ್ತಿರ ಹಟ ಯಾಕೆ ಎಂದ. ಸೊಸೆ ಪಾತ್ರೆ ತೊಳೆಯತೊಡಗಿದಳು. ಉತ್ತರ ಕೊಟ್ಟದ್ದು ಅತ್ತೆ.

"ಬೈಸ್ಕೊಂಡವಳು ನಾನು. ಕ್ಷಮಿಸೋದು ಬಿಡೋದು ನಂದು. ಮಧ್ಯದಲ್ಲಿ ಅವರು ಯಾರೋ?"

"ಅಮ್ಮಾ, ನೀನೂ ಹೀಗಂದ್ರೆ..."

"ನಾನು ಕ್ಷಮಿಸಿಲ್ಲ, ಅದು ಬೇರೆ ವಿಷಯ. ಹೊದಿಕೆ ಹಳೇದೇ ಆಗಿತ್ತು. ಆದ್ರೆ ಇವತ್ತು ನನ್ನ ಸೊಸೆ ಕಾರ್ಡು ಓದಿದ್ರೆ ನಾನು ಕೋಲು ಹಿಡ್ಕೊಂಡು ಕೆಳಗೆ ಹೋಗ್ತಿದ್ದೆ. ಆಗ ನೀನು ಯಾರ ಹತ್ರ ಕ್ಷಮಾಪಣೆ ಬರೆಸ್ತಿದ್ದೆ?"

ಗಂಡ ಪೆನ್ನನ್ನು ಕಿಸೆಗೆ ಸೇರಿಸಿದ.

ಮನೆಯಲ್ಲಿ ಕೂತ ದಿನಗಳಲ್ಲಿ ಸೊಸೆ ಕಿಟಕಿ ಒರೆಸಿದಳು, ಡಬ್ಬಿಗಳನ್ನೆಲ್ಲ ತೊಳೆದಳು, ಹೊದಿಕೆಯ ಉಳಿದ ತುಂಡುಗಳನ್ನು ಸೇರಿಸಿ ಹೊಲಿಯತೊಡಗಿದಳು. ಅತ್ತೆ ಸುಮ್ಮನಿರಲಿಲ್ಲ. ಮೊದಲು ಮೂರನೇ ಮಹಡಿಗೆ ಹತ್ತಿದರು. ಆ ಫೋನಿನಲ್ಲಿ ಮೊಮ್ಮಗನ ದನಿ ಏನೇನು ಹೇಳಿತು ಎಂದು ಅಜ್ಜಿಯಿಂದ ಮೊದಲಿನಿಂದ ಹೇಳಿಸಿದರು. ಬೆಳಿಗ್ಗೆ ಬೂಟು ಒಳಗೆ ತಂದದ್ದಕ್ಕೆ ನೀನು ಬೈದದ್ದು ಸರಿ ಅಜ್ಜಿ ಎಂದು ಆ ದನಿ ಅತ್ತಿತ್ತಂತೆ. ಬೂಟಿನ ಜಗಳ ಯಂತ್ರಕ್ಕೆ ಯಾರು ಹೇಳಿದರು ಎಂದು ಅತ್ತೆ ಕೇಳಿದರು. ಅಜ್ಜಿ ಬಹಳ ಹೊತ್ತು ಸೆರಗಿನ ಅಂಚು ಮಡಿಸುತ್ತ ಕೂತಿದ್ದಳು. ಆಮೇಲೆ ಮೊಮ್ಮಗನಿಗೆ ಫೋನ್ ಮಾಡಿ ಅದೊಂದನ್ನೇ ಕೇಳಿದಳು. ಅವತ್ತು ಫೋನಿನಲ್ಲಿ ಅತ್ತದ್ದು ತಾನೇ ಎಂದು ಅವನು ಒಪ್ಪಿಕೊಂಡ. ಮೆಟ್ಟಿಲ ಮೇಲೆ ಈ ಸುದ್ದಿ ಹರಡದಂತೆ ಅತ್ತೆ ನೋಡಿಕೊಂಡರು. ರಜೆಗೆ ಬಂದಾಗಲೆಲ್ಲ ಅಜ್ಜಿಯ ಗ್ಯಾಸ್ ಸಿಲಿಂಡರು ಹೊರುವುದು ಅವನ ಕೆಲಸ ಎಂದು ಮಾತ್ರ ತೀರ್ಪಾಯಿತು.

ಎರಡನೆಯದಾಗಿ, ಮೂರನೇ ದಿನ ದೂರು ವಿಭಾಗಕ್ಕೆ ಫೋನ್ ಮಾಡಿದರು. ಎರಡು ಸಲ ಕೆಮ್ಮಣ್ಣನೇ ಸಿಕ್ಕರು. ಆ ಕೆಮ್ಮು ಕೇಳಿದ ಮೇಲೆ ಅವರನ್ನು ಏನೂ ಕೇಳಬೇಕಾಗಲಿಲ್ಲ. ಮೂರನೇ ಸಲ ಗೊತ್ತಿಲ್ಲದ ಒಂದು ದನಿ ನಮಸ್ಕಾರ ಎಂದಿತು. ಅತ್ತೆ ಎಲ್ಲರಿಗೂ ಕೇಳಿಸುವಂತೆ ಫೋನನ್ನು ಮೇಜಿನ ಮೇಲಿಟ್ಟರು.

"ಇವತ್ತು ಬೆಳಿಗ್ಗೆ ಯಾರ ಜೊತೆ ಜಗಳ ಆಡಿದೆ?"

"ನಾನು ಜಗಳ ಆಡಿಲ್ಲ. ನಾನು ಮನುಷ್ಯಳಲ್ಲ, ಎಐ ಸಹಾಯಕಿ. ನಿಮ್ಮ ವಿದ್ಯುತ್ ದೂರು ಏನಿದೆ, ಹೇಳಿ."

ಅತ್ತೆ ಕಣ್ಣರಳಿಸಿದರು. ಏನೂ ದೂರಿಲ್ಲ, ನಿನ್ನ ಕೆಲಸ ಮಾಡಿಕೋ ಎಂದು ಮರ್ಯಾದೆಯಿಂದಲೇ ಫೋನ್ ಇಟ್ಟು, ಟಿವಿಯ ಮುಸುಕು ತೆಗೆದು ಮಡಿಸಿದರು.

"ಕೇಳಿದ್ದಕ್ಕೆ ನೇರವಾಗಿ ಹೇಳ್ತು. ಮೂರನೇ ಮಹಡಿ ಹುಡುಗನಿಗಿಂತ ವಾಸಿ."

ಸೊಸೆ ಹೊಲಿಗೆ ನಿಲ್ಲಿಸಿದ್ದಳು. "ಅದು ಯಂತ್ರ ಅಂತ ಹೇಳೋಕೆ ಅದಕ್ಕೆ ಬಿಟ್ಟಿದಾರೆ ಅತ್ತೆ," ಎಂದಳು. "ನಾನು ಮನುಷ್ಯಳು ಅಂತ ಹೇಳೋಕೆ ನನಗೆ ಬಿಡಲಿಲ್ಲ."

ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು, ಮರುದಿನಕ್ಕೆ ಸೀರೆ ತೆಗೆದಿಟ್ಟಳು. ಗಂಡ ನೋಡಿದ. ಪತ್ರ ಬರೆದೆಯಾ ಎಂದು ಕೇಳಲಿಲ್ಲ.

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅವನು ಬಾಗಿಲಿಗೆ ಅಡ್ಡ ನಿಂತ. ಏನೋ ಹುಡುಕುವವನಂತೆ ಸುತ್ತ ನೋಡಿ, ಬಾಚಣಿಗೆಯ ಮೇಲೆ ಕಣ್ಣಿಟ್ಟು, ಈ ಮನೆಯಲ್ಲಿ ಬಾಚಣಿಗೆಯ ಕೂದಲು ತೆಗೆಯುವವರೇ ಇಲ್ಲ, ಇದೂ ನಾನೇ ಮಾಡಬೇಕಾ ಎಂದು ಶುರು ಮಾಡಿದ. ತಲೆಯಲ್ಲಿ ನಾಲ್ಕು ಕೂದಲಿಲ್ಲದವರಿಗೆ ಬಾಚಣಿಗೆಯ ಚಿಂತೆ ಯಾಕೆ ಎಂದಳು ಸೊಸೆ. ನಾಲ್ಕಲ್ಲ, ಇನ್ನೂ ಬಹಳ ಇದೆ ಎಂದ. ಅತ್ತೆ ಒಳಗಿನಿಂದ, ಅವಳಿಗೆ ಹೊತ್ತಾಗುತ್ತೆ, ಸ್ವಲ್ಪ ಜೋರಾಗಿ ಆಡಿ ಮುಗಿಸೋ ಎಂದರು. ಅವನ ಈ ಜಗಳ ಎರಡು ಮಾತಿಗೆ ಮುಗಿಯಲಿಲ್ಲ. ಸ್ಕೂಟರಿನಲ್ಲಿ ಅವಳನ್ನು ಕಚೇರಿಯ ಬಾಗಿಲಿಗೆ ಬಿಡುವವರೆಗೂ ನಡೆಯಿತು.

ಟೈ ಸಾಹೇಬರು ಎದುರಾದರು. ಪತ್ರವೆಲ್ಲಿ ಎಂದು ಕೈ ಚಾಚಿದರು.

"ಬರೆದಿಲ್ಲ ಸಾರ್. ಬರೆಯೋದೂ ಇಲ್ಲ. ಬೈಸ್ಕೊಂಡ ಗ್ರಾಹಕರು ನಮ್ಮತ್ತೆ. ಅವರ ಹತ್ರ ದಿನಾ ಲೆಕ್ಕ ಚುಕ್ತಾ ಮಾಡ್ತೀನಿ."

"ನಿಮ್ಮ ಲೈನಲ್ಲಿ ಎಐ ಇದೆಯಮ್ಮ."

"ಇರಲಿ. ಅದಕ್ಕೆ ಕುರ್ಚಿ ಬೇಡ ಅಲ್ವಾ? ನನಗೆ ಬೇಕು."

ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಕಾರ್ಡನ್ನು ಬೋರಲು ಹಾಕಿ ಅದರ ಮೇಲೆ ಬಿಸಿ ಚಹಾದ ಲೋಟ ಇಟ್ಟಳು. ಪಕ್ಕದ ಮೇಜಿನಲ್ಲಿ ಕೆಮ್ಮಣ್ಣ ಅವಳನ್ನು ನೋಡಿ, ಸಾಹೇಬರನ್ನು ನೋಡಿ, ತನ್ನ ಕಾರ್ಡನ್ನೂ ಬೋರಲು ಹಾಕಿದರು. ತನ್ನ ಫೋನಿಗೆ ಬಂದ ಕರೆಯನ್ನು ಅವಳ ಕಡೆ ತಿರುಗಿಸಿಕೊಟ್ಟರು.

"ಕರೆಂಟ್ ಇಲ್ಲ ಕಣ್ರೀ," ಎಂದಿತು ಒಂದು ಸಿಡುಕು ದನಿ. "ಮೊದಲು ಹೇಳಿ, ನೀವು ಮನುಷ್ಯರಾ, ಎಐಯಾ?"

"ಮನುಷ್ಯಳು," ಎಂದಳು ಸೊಸೆ. ದನಿ ಎಂದಿನಂತೆ ಸಮನಾಗಿತ್ತು. "ಬೆಳಿಗ್ಗೆ ಗಂಡನ ಜೊತೆ ಜಗಳ ಆಡಿ ಬಂದಿದೀನಿ. ಇನ್ನೂ ಚಹಾ ಕುಡಿದಿಲ್ಲ. ಈಗ ನೀವು ಶುರು ಮಾಡಬೇಡಿ. ನಿಮ್ಮ ಮನೇಲಿ ಮಾತ್ರ ಇಲ್ವೋ, ಬೀದಿಗೇ ಇಲ್ವೋ?"

"ಜಗಳ ಯಾಕೆ?" ಎಂದಿತು ದನಿ, ಸಿಡುಕು ಇಳಿಸಿ.

"ಬಾಚಣಿಗೆಗೆ."

"ಅಯ್ಯೋ, ನಮ್ಮನೇಲೂ ಅದೇ," ಎಂದು ಬೀದಿಯ ಗುರುತು ಹೇಳತೊಡಗಿತು.

ಟೈ ಸಾಹೇಬರು ಹಿಂದಿನಿಂದ ಬಂದು ಲೋಟದ ಅಡಿಯ ಕಾರ್ಡಿಗೆ ಕೈ ಹಾಕಿದರು. ಸೊಸೆ ಬೀದಿಯ ಗುರುತು ಬರೆದುಕೊಳ್ಳುತ್ತಿದ್ದಳು. ಲೋಟ ಎತ್ತಲಿಲ್ಲ.